ಉಗ್ರಾಣಕ್ಕೆ ಯಾರು, ಬಾಗಿಲಿಗೆ ಯಾರು

ಮನೆಯಲ್ಲೊಂದು ಮದುವೆ ಗೊತ್ತಾದರೆ ಮನೆಮಂದಿಯ ಸ್ವಭಾವಗಳೆಲ್ಲ ಒಂದೊಂದಾಗಿ ಹೊರಬೀಳುತ್ತವೆ. ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಒಬ್ಬರು ಹಳೆಯ ನೋಟ್‌ಬುಕ್ ಹುಡುಕಿ ತೆಗೆದು ಕರೆಯಬೇಕಾದವರ ಪಟ್ಟಿ ಬರೆಯಲು ಕೂರುತ್ತಾರೆ. ಇನ್ನೊಬ್ಬರು ಕೊನೆಯ ದಿನದವರೆಗೂ ಹಾಯಾಗಿರುತ್ತಾರೆ. ವರಪೂಜೆಯ ಸಂಜೆ ಹೂವಿನವನು ಕೈಕೊಟ್ಟನೆಂದರೆ ಮಾತ್ರ ಯಾರೂ ಹೇಳದೆಯೇ ಮಾರ್ಕೆಟ್ಟಿಗೆ ಹೋಗಿ ಎರಡು ಬುಟ್ಟಿ ಸೇವಂತಿಗೆ ತಂದಿಳಿಸುತ್ತಾರೆ. ಹಿಂದಿನ ಯಜಮಾನರು ಇದನ್ನೆಲ್ಲ ಬಲ್ಲವರು. ಮಾತು ಕಡಿಮೆ, ಲೆಕ್ಕ ಚೊಕ್ಕ ಎನ್ನುವಂಥ ಚಿಕ್ಕಪ್ಪನಿಗೆ ಉಗ್ರಾಣದ ಬೀಗದ ಕೈ ಕೊಡುತ್ತಿದ್ದರು. ನಾಲ್ಕು ಮಾತಿಗೇ ಅಪರಿಚಿತರನ್ನು ನೆಂಟರನ್ನಾಗಿಸುವ ಸೋದರಮಾವ ಪನ್ನೀರುದಾನಿ ಹಿಡಿದು ಬಾಗಿಲಲ್ಲಿ ನಿಲ್ಲಬೇಕು. ಕೂತಲ್ಲಿ ಕೂರದ ಹುಡುಗರು ಬಡಿಸುವುದಕ್ಕೆ. ಚಿಕ್ಕಪ್ಪನನ್ನು ಬಾಗಿಲಿಗೆ ನಿಲ್ಲಿಸಿದ್ದರೆ ಬಂದವರಿಗೂ ಸಂಕೋಚ, ಚಿಕ್ಕಪ್ಪನಿಗೂ ದಣಿವು. ಉಗ್ರಾಣದಲ್ಲಿ ತುಪ್ಪದ ಲೆಕ್ಕವಂತೂ ಸಿಗುತ್ತಿರಲಿಲ್ಲ.

ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮನುಷ್ಯರ ಸ್ವಭಾವಗಳ ಕುರಿತು ದೊಡ್ಡ ಗ್ರಂಥವನ್ನೇ ಬರೆದರು. ಅಂತರ್ಮುಖಿ, ಬಹಿರ್ಮುಖಿ ಎಂದು ನಾವು ಇಂದು ಸಲೀಸಾಗಿ ಆಡುವ ಮಾತಿಗೆ ಅದೇ ತಳಹದಿ. ಅದನ್ನು ಓದಿ ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಮೈಯರ್ಸ್ ಜನರನ್ನು 16 ಬಗೆಯಾಗಿ ವಿಂಗಡಿಸುವ ಪ್ರಶ್ನಾವಳಿಯೊಂದನ್ನು ಬೆಳೆಸಿದರು. ಎರಡನೆಯ ಮಹಾಯುದ್ಧದ ಕಾಲವದು. ಹೊಸದಾಗಿ ದುಡಿಮೆಗೆ ಬಂದ ಹೆಂಗಸರಿಗೆ ತಮಗೆ ಒಗ್ಗುವ ಕೆಲಸ ಸಿಗಲಿ ಎಂಬ ಕಾಳಜಿ ಅದರ ಹಿಂದಿತ್ತು. ಈಗ ಎಷ್ಟೋ ಕಂಪನಿಗಳು ನೌಕರರಿಗೆ ಇದನ್ನು ಕೊಡುತ್ತವೆ. ಆದರೆ ಕೆಲವು ವಾರ ಬಿಟ್ಟು ಮತ್ತೆ ಉತ್ತರಿಸಿದರೆ ಹಲವರು ಬೇರೆಯ ಬಗೆಗೆ ಸೇರಿಬಿಡುತ್ತಾರೆ, ಹಾಗಾಗಿ ಮನಶ್ಶಾಸ್ತ್ರಜ್ಞರು ಇದನ್ನು ಬಹಳ ನೆಚ್ಚುವುದಿಲ್ಲ. ಅದನ್ನು ಜಾತಕದಂತೆ ಹಿಡಿದುಕೊಳ್ಳುವ ಅಗತ್ಯ ನಮಗೂ ಇಲ್ಲ. ಯಾವ ಹೊತ್ತಿನಲ್ಲಿ ನಮ್ಮ ತಲೆ ತಿಳಿಯಾಗಿರುತ್ತದೆ, ಜನರ ನಡುವೆ ಕೆಲಸ ಸಾಗುತ್ತದೆಯೋ ಒಂಟಿಯಾಗಿಯೋ ಎಂದು ಒಂದಷ್ಟು ದಿನ ಗಮನಿಸಿದರೆ ಬೇಕಾದಷ್ಟು ತಿಳಿಯುತ್ತದೆ.

ಶಿವರಾಮ ಕಾರಂತರು ಕೆಲವೇ ದಿನಗಳಲ್ಲಿ ಒಂದು ಕಾದಂಬರಿ ಮುಗಿಸಿ ಯಕ್ಷಗಾನಕ್ಕೋ ವಿಜ್ಞಾನ ಬರಹಕ್ಕೋ ಹೊರಳುತ್ತಿದ್ದವರು. ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಕಾವ್ಯಕ್ಕೆ ಸುಮಾರು ಒಂಬತ್ತು ವರ್ಷ ಕೊಟ್ಟರು. ಒಬ್ಬರ ವೇಳಾಪಟ್ಟಿಯನ್ನು ಇನ್ನೊಬ್ಬರ ಮೇಲೆ ಹೇರಿದ್ದರೆ ಕನ್ನಡಕ್ಕೇ ನಷ್ಟವಾಗುತ್ತಿತ್ತು. ನಮ್ಮ ಸಣ್ಣ ಕೆಲಸಗಳಿಗೂ ಈ ಮಾತು ಸಲ್ಲುತ್ತದೆ. ಗಡುವು ಹತ್ತಿರ ಬಂದರೆ ಮಾತ್ರ ಕೈ ಓಡುವವರು ತಾವೇ ಒಂದು ಗಡುವನ್ನು ಮಾಡಿಕೊಂಡು, ಅದನ್ನು ಸ್ನೇಹಿತರೊಬ್ಬರಿಗೆ ಹೇಳಿಬಿಡಬಹುದು. ಫೋನ್ ಮಾಡಲು ಹಿಂಜರಿಯುವವರು ಹೇಳಬೇಕಾದ ಮೂರು ವಿಷಯ ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಕರೆ ಸುಲಭವಾಗುತ್ತದೆ. ಕರೆಯನ್ನಂತೂ ಮಾಡಲೇಬೇಕು, ‘ನಾನು ಅಂತರ್ಮುಖಿ’ ಎಂದು ಅದನ್ನು ಹೆಂಡತಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನು ಹೇಳದಿದ್ದರೆ ತಪ್ಪಾದೀತು. ಆ ಮದುವೆಮನೆಯ ಹಿರಿಯರು ಗಂಡಸರ ಸ್ವಭಾವ ನೋಡಿ ಕೆಲಸ ಹಂಚಿದರು, ಹೆಂಗಸರದನ್ನು ಅಷ್ಟಾಗಿ ನೋಡಲಿಲ್ಲ. ಇಂದಿಗೂ ‘ಅವಳು ಸುಮ್ಮನೆ ಕೂರುವವಳೇ ಅಲ್ಲ, ಅವಳ ಸ್ವಭಾವವೇ ಹಾಗೆ’ ಎಂದು ಮೆಚ್ಚುತ್ತಲೇ ಎಲ್ಲವನ್ನೂ ಒಬ್ಬಳ ಮೇಲೆ ಬಿಡುವ ಮನೆಗಳಿವೆ. ನಸುಕಿನ ಐದಕ್ಕೆ ಏಳುವ ಸೊಸೆಗೆ ಬೆಳಗಿನ ಹೊತ್ತೇ ಇಷ್ಟವೆಂದು ನಾವು ತಿಳಿದಿರುತ್ತೇವೆ. ಏಳು ಗಂಟೆಗೆ ಮೂರು ಊಟದ ಡಬ್ಬಿ ಸಿದ್ಧವಾಗಬೇಕೆಂದು ಅವಳು ಏಳುತ್ತಿರಬಹುದು. ಅವಳ ಮನಸ್ಸು ನಿಜವಾಗಿ ಅರಳುವುದು ರಾತ್ರಿ ಹತ್ತರ ಮೇಲೆ, ಪುಸ್ತಕ ಹಿಡಿದಾಗ ಇರಬಹುದು. ವರ್ಷಗಟ್ಟಲೆ ಮಾಡಿದ ಅನಿವಾರ್ಯ ಕೆಲಸ ನೋಡುವವರಿಗೆ ಸ್ವಭಾವದಂತೆಯೇ ಕಾಣುತ್ತದೆ. ಇದನ್ನು ತಿಳಿಯಲು ಯಾವ ಪ್ರಶ್ನಾವಳಿಯೂ ಬೇಡ. ‘ಒಂದು ತಿಂಗಳು ಯಾವ ಕೆಲಸದ ಕಟ್ಟೂ ಇಲ್ಲದಿದ್ದರೆ ನೀನು ಎಷ್ಟು ಹೊತ್ತಿಗೆ ಏಳುತ್ತೀಯಮ್ಮ, ಎದ್ದು ಏನು ಮಾಡುತ್ತೀಯ?’ ಎಂದು ಈ ಭಾನುವಾರ ಕೇಳಿ ನೋಡೋಣ. ಅವಳು ಮೊದಲು ನಕ್ಕು ಸುಮ್ಮನಾದಾಳು; ಇನ್ನೊಮ್ಮೆ ಕೇಳಬೇಕು. ಉತ್ತರ ಸಿಕ್ಕಿದ ಮೇಲೆ, ಸೋಮವಾರದಿಂದ ಡಬ್ಬಿ ಕಟ್ಟುವ ಸರದಿ ಯಾರದೆಂದು ಉಳಿದವರೆಲ್ಲ ಕೂತು ಗೊತ್ತುಮಾಡಿಕೊಳ್ಳಬೇಕು.