ಪಕ್ಕದ ಮನೆಯ ಸಂದೇಹಿ

ಹುಲಿಕಲ್ ಘಾಟಿಯ ಚಂಡಿಕಾಂಬೆಯ ಗುಡಿಯೆದುರು ಬಸ್ಸು ನಿಂತಿತ್ತು. ಪಕ್ಕದಲ್ಲಿದ್ದ ಕ್ರೈಸ್ತ ಮಿತ್ರರು ನಕ್ಕರು: “ನನಗೆ ನಮ್ಮ ಇಗರ್ಜಿಯ ದೇವರ ಮೇಲೇ ಅನುಮಾನ, ಸಾಹೇಬ್ರೇ.”

ಪಾದ್ರಿಗಳೊಡನೆ ವಾದಿಸಿ ವರ್ಷಗಟ್ಟಲೆ ಪೂಜೆಗೆ ಹೋಗದಿದ್ದವರು ಅವರು. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ಕ್ರೈಸ್ತ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾದ ಮರುಭಾನುವಾರ ಮಾತ್ರ ಮೊದಲ ಸಾಲಿನಲ್ಲೇ ಕುಳಿತಿದ್ದರಂತೆ. ಅದು ಭಕ್ತಿಯೋ, ರಾಜಕೀಯವೋ? “ಎರಡೂ ಅಲ್ಲ. ಜಗಳವಾಡಲಿಕ್ಕಾದರೂ ಇಗರ್ಜಿ ಉಳೀಬೇಕಲ್ಲ!”

ಮತಾಂತರವಾಗುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 2022ರ ಕಾಯ್ದೆ ಹೇಳಿದಾಗ ಅವರು ಕೇಳಿದ್ದರು: “ನಂಬಿಕೆ ಹೋದದ್ದನ್ನು ಯಾವ ಕಚೇರಿಗೆ ತಿಳಿಸೋದು?”

ನಾವು ಮನಸಾರೆ ಮೆಚ್ಚಿದೆವು. ಪರರ ಮನೆಯ ಸಂದೇಹಿ ನಮಗೆ ಯಾವಾಗಲೂ ಪ್ರಿಯನೇ. ಆದರೆ ನಮ್ಮ ಮಸೀದಿಯಂಗಳದಲ್ಲಿ ನಮ್ಮದೇ ಹುಡುಗನೊಬ್ಬ ಹಾಗೆ ಕೇಳಿದರೆ? ಕಳೆದ ರಂಜಾನಿನಲ್ಲಿ ಒಬ್ಬ ಕೇಳಿದ್ದ. ನಾವು ಅವನ ಓದಿನ ವಿಷಯ ತೆಗೆದು ಮಾತು ಬದಲಿಸಿದ್ದೆವು.