ಸೇವೆಯ ಮನೆಯಲ್ಲಿ ನಿದ್ರೆ

ದಾಸೋಹವೆಂದೊಡನೆ ಸದ್ಭಕ್ತರ ಕಣ್ಣೆದುರು ನಿಲ್ಲುವುದು ಮಠದ ಪಂಕ್ತಿ, ಜಂಗಮರ ತೃಪ್ತಿ. ಆದರೆ ಹುಬ್ಬಳ್ಳಿ-ಧಾರವಾಡದ ಓಣಿ ಓಣಿಗಳಲ್ಲಿ ಯಾರ ಕಣ್ಣಿಗೂ ಬೀಳದೆ ಹಗಲಿರುಳು ನಡೆದಿರುವ ದಾಸೋಹವೊಂದುಂಟು. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಅತ್ತೆಯನ್ನು ಮಗ್ಗುಲು ಹೊರಳಿಸುವ ಸೊಸೆ, ನೆನಪು ಅಳಿದ ತಂದೆಯವರು ನಡುರಾತ್ರಿ ಬಾಗಿಲು ತೆರೆದು ಹೊರಟಾರೆಂದು ಕಿವಿಗೊಟ್ಟೇ ಮಲಗುವ ಮಗ, ಇವರ ಸೇವೆಯು ಲಿಂಗಪೂಜೆಗೆ ಕಡಿಮೆಯಾದುದಲ್ಲ.

ಇಂಥವರಿಗೆ ಮೊದಲು ತಪ್ಪುವುದು ನಿದ್ರೆ. ರೋಗಿಯು ಮಲಗಿದರೂ ಇವರಿಗೆ ಕಣ್ಣು ಹತ್ತದು. ಬೆಳಗಾದರೆ ಮೈಭಾರ, ಪೂಜೆಗೆ ಕುಳಿತರೆ ಕರಸ್ಥಲದ ಇಷ್ಟಲಿಂಗದಲ್ಲಿ ದೃಷ್ಟಿ ನಿಲ್ಲದೆ ತೂಕಡಿಕೆ. ಬಳಲಿದ ಬಾಯಿಂದ ಹೊರಟ ಸಿಡುಕಿನ ಮಾತೊಂದು ರೋಗಿಯ ಕಿವಿಗೆ ಬಿದ್ದರೆ, ತಿಂಗಳುಗಟ್ಟಲೆ ಮಾಡಿದ ಸೇವೆಯನ್ನೇ ಅದು ನುಂಗಿಬಿಡುವುದು.

ಇದಕ್ಕೆ ಖರ್ಚಿಲ್ಲದ ಉಪಾಯವು ನಡಿಗೆ. ಮರೆವಿನ ರೋಗದ ಬಂಧುಗಳನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ ನೂರು ಜನ ಸ್ತ್ರೀಯರ ಮೇಲೆ ನಡೆಸಿದ ಪರೀಕ್ಷೆಯ ಫಲವನ್ನು ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2002ರಲ್ಲಿ ಪ್ರಕಟಿಸಿದರು. ವಾರಕ್ಕೆ ನಾಲ್ಕು ಸಲ ಅರ್ಧ ತಾಸಿಗೆ ತುಸು ಮೇಲ್ಪಟ್ಟು ವ್ಯಾಯಾಮ ಮಾಡಿದವರ ನಿದ್ರೆಯು ವರ್ಷದ ಕೊನೆಗೆ ಸುಧಾರಿಸಿತ್ತು. ವ್ಯಾಯಾಮದಲ್ಲಿ ಹೆಚ್ಚಿನದು ಚುರುಕು ನಡಿಗೆಯೇ. ರೋಗಿಯು ರಾತ್ರಿ ಕರೆಯುವುದನ್ನು ಯಾವ ನಡಿಗೆಯೂ ತಪ್ಪಿಸದು, ನಿಜ. ಎದ್ದು ಬಂದವರಿಗೆ ಮತ್ತೆ ಕಣ್ಣು ಹತ್ತುವಂತಾದರೆ ಅದೇನು ಸಣ್ಣ ಲಾಭವೆ?

“ದಿನವೆಲ್ಲ ಮನೆಗೆಲಸವೇ ಇರುವಾಗ ಬೇರೆ ವ್ಯಾಯಾಮವೇಕೆ?” ಎಂಬುವರುಂಟು. ರೋಗಿಯನ್ನು ಎತ್ತಿ ಕೂಡ್ರಿಸುವುದು ನಡುವನ್ನು ಮುರಿಯುವ ದುಡಿಮೆ. ಆಗ ಚಿಂತೆಯೂ ಜೊತೆಗೇ ಇರುವುದು. ಬೆಳಗಿನ ಬಿಸಿಲಿನಲ್ಲಿ ಉಸಿರು ತುಸು ಹೆಚ್ಚುವಂತೆ, ಮಾತನಾಡಲು ಬರುವಂತೆ, ಕೈಬೀಸಿ ನಡೆಯುವುದು ಬೇರೆ. ಆ ಬೆಳಕಿನಿಂದ ದೇಹಕ್ಕೆ ಹಗಲು ಯಾವುದು, ಇರುಳು ಯಾವುದು ಎಂಬ ಲೆಕ್ಕ ಸಿಕ್ಕುವುದು. ಬಸವಣ್ಣನವರು ಕಾಯವನ್ನೇ ದೇವಾಲಯವಾಗಿ ಕಂಡು, ಅಚಲವಾದುದಕ್ಕಿಂತ ಚಲಿಸುವುದನ್ನು ಮೇಲೆಂದರು. ಆ ವಚನದ ಅರ್ಥವು ನಡಿಗೆಗಿಂತ ಬಹು ದೊಡ್ಡದು. ಆದರೂ ದೇವಾಲಯವನ್ನು ಪಾಳುಬಿಟ್ಟು ಪೂಜೆ ನಡೆಯುವುದೆಂತು?

ನಿಜವಾದ ತೊಡಕು ಇನ್ನೊಂದು. “ನಾನೆದ್ದು ಹೋದರೆ ಹತ್ತಿರ ಕೂಡ್ರುವವರಾರು?” ಎಂದು ಸೊಸೆಯು ಕೇಳುವಳು, ಹೊರಗೆ ಹೋಗುವುದೇ ಪಾಪವೆಂದೂ ಭಾವಿಸುವಳು. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರಹೇಳಿದ ಕಥೆ ಎಲ್ಲರೂ ಬಲ್ಲುದು. ಮನೆಯ ಗಂಡಸರು, ಮಕ್ಕಳು ಹೊರಬೇಕಾದ ಪಾಲನ್ನೂ ಒಬ್ಬಳೇ ಹೊರುವುದು ಆ ಹೆಚ್ಚಿನ ಅಕ್ಕಿಯಂತೆಯೇ. ಅದು ಅವರಿಗೆ ಹಿಂದಿರುಗಬೇಕು. ಮಗನು ನಿತ್ಯ ಅರ್ಧ ತಾಸು ತಾಯಿಯ ಬಳಿ ಕುಳಿತರೆ ಆಕೆಗೂ ಅವನ ದನಿ ಕೇಳುವುದು. ಹೆಂಡತಿಯು ಉಣಕಲ್ ಕೆರೆಗೋ, ಸಾಧನಕೇರಿಗೋ, ಕೆಲಗೇರಿ ಕೆರೆಯ ದಂಡೆಗೋ ಹೋಗಿ ಬರುವಳು. ವಾರಕ್ಕೆ ಐದು ದಿನ ಹೀಗಾದರೆ 150 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ಹೇಳಿದ ಕನಿಷ್ಠ ಪ್ರಮಾಣವೂ ಅಷ್ಟೇ. ಹೊರಬೀಳಲಾಗದ ದಿನ ಅಂಗಳದಲ್ಲೋ ಮಾಳಿಗೆಯಲ್ಲೋ ಹತ್ತು ಹತ್ತು ನಿಮಿಷ ನಡೆದರೂ ಆದೀತು. ಮಲಗುವ ಹೊತ್ತಿಗೆ ಮಾತ್ರ ಮೈದಣಿಸುವುದು ಬೇಡ.

ಎದೆನೋವು, ರಕ್ತದೊತ್ತಡವುಳ್ಳವರು ವೈದ್ಯರನ್ನು ಕೇಳಿಯೇ ಆರಂಭಿಸತಕ್ಕದ್ದು. ವಾರಗಟ್ಟಲೆ ನಡೆದರೂ ನಿದ್ರೆ ಬಾರದೆ ಬದುಕೇ ಬೇಸರವೆನಿಸಿದರೆ, ಅದು ಭಕ್ತಿಯ ಕೊರತೆಯಲ್ಲ, ಚಿಕಿತ್ಸೆಯುಳ್ಳ ಬೇನೆ. ಧಾರವಾಡದಲ್ಲಿಯೇ ಇರುವ ಡಿಮ್ಹಾನ್ಸ್ ಆಸ್ಪತ್ರೆಗೆ ಹೋಗಲು ಸಂಕೋಚಪಡಬೇಕಾಗಿಲ್ಲ.