ಗಾಜಿನ ತೊಟ್ಟಿಯೊಳಗಿನ ನೀರು

ಊರಿನ ಹೆಸರಲ್ಲೇ ಏರಿ ಇದೆ. ಮಧುಗಿರಿ ತಾಲೂಕಿನ ದೊಡ್ಡೇರಿಯಲ್ಲಿರುವ ನೆಂಟರ ಮನೆಗೆ ನಾವು ಹೋದಾಗಲೆಲ್ಲ ಮೊದಲ ಮಾತು ಮಳೆಯದು, ಎರಡನೆಯದು ಬೋರ್‌ವೆಲ್ಲಿನದು. ಅಂಥ ಮನೆಯ ಹಜಾರದಲ್ಲಿ, ಮೂರಡಿ ಗಾಜಿನ ತೊಟ್ಟಿಯಲ್ಲಿ, ಅಮೆಜಾನ್ ಸೀಮೆಯ ಏಂಜಲ್ ಮೀನುಗಳು ಈಜುತ್ತಿವೆ.

ತುಮಕೂರಿನಿಂದ ಮನೆಯ ಹುಡುಗ ತಂದಾಗ ಅವು ಆರಿದ್ದವು, ಒಂದೊಂದೂ ನಾಣ್ಯದಷ್ಟು. ವರ್ಷ ತುಂಬುವುದರೊಳಗೆ ಅಂಗೈ ಅಗಲವಾದವು. ಈ ಮೀನಿಗೆ ಉದ್ದಕ್ಕಿಂತ ಎತ್ತರ ಹೆಚ್ಚು. ರೆಕ್ಕೆ ಸೇರಿ 20 ಸೆಂಟಿಮೀಟರ್ ದಾಟುತ್ತದೆ, ಚೆನ್ನಾಗಿ ಸಾಕಿದರೆ ಹತ್ತು ವರ್ಷ ಬಾಳುತ್ತದೆ. ಅಂಗಡಿಯಲ್ಲಿ ಕಾಣುವುದು ಮರಿ ಮಾತ್ರ. ಎರಡು ಜೋಡಿಯಾಗಿ ಉಳಿದ ನಾಲ್ಕನ್ನು ಮೂಲೆಗೊತ್ತಿ ಕುಟುಕಿದವು. ಮೂರು ಸತ್ತವು, ಒಂದನ್ನು ಯಾರಿಗೋ ಕೊಟ್ಟರು.

ಈಗ ಹುಡುಗನ ಕಣ್ಣು 'ಆಲ್ಟಮ್' ಮೇಲೆ ಬಿದ್ದಿದೆ. 1903ರಲ್ಲಿ ಫ್ರೆಂಚ್ ವಿಜ್ಞಾನಿ ಪೆಲ್ಲೆಗ್ರಿನ್ ಹೆಸರಿಟ್ಟ, ಒರಿನೋಕೊ ನದಿಯ ಕಡೆಯ ಈ ದೊಡ್ಡ ಏಂಜಲ್ 30 ಸೆಂಟಿಮೀಟರಿಗೂ ಎತ್ತರ ಬೆಳೆಯಬಲ್ಲದು. ಎಲೆ ಕೊಳೆತು ಚಹಾದ ಬಣ್ಣಕ್ಕೆ ತಿರುಗಿದ, ಸುಣ್ಣದಂಶ ಇಲ್ಲವೆನ್ನುವಷ್ಟು ಮೆದುವಾದ, ಬೆಚ್ಚಗಿನ ನೀರು ಅದರ ಮನೆ. ನಮ್ಮ ಬೋರ್‌ವೆಲ್ ನೀರೋ, ಪಾತ್ರೆಗೆ ಬಿಳಿ ಪೊರೆ ಕಟ್ಟುವಂಥದ್ದು. ಪಾವಗಡದ ಕಡೆ ಫ್ಲೋರೈಡಿನ ಕಾಟ ಬೇರೆ. ಜನ ಕುಡಿಯಲಿಕ್ಕೇ ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಿಲ್ಲುತ್ತಾರೆ. ಆಲ್ಟಮ್‌ಗೂ ಅದೇ ನೀರು ಬೇಕು. 400 ಲೀಟರ್ ತೊಟ್ಟಿಯಲ್ಲಿ ವಾರಕ್ಕೆ ಕಾಲು ಭಾಗ ಬದಲಿಸಿದರೂ 100 ಲೀಟರ್, ಅಂದರೆ ಐದು ಕ್ಯಾನ್. ಆ ಯಂತ್ರ ಶುದ್ಧ ಮಾಡುವಾಗ ಹೊರಗೆ ಚೆಲ್ಲುವ ನೀರು ಈ ಲೆಕ್ಕದಲ್ಲಿಲ್ಲ.

ಹಾಗಾದರೆ ಸಾಕುವುದೇ ತಪ್ಪೇ? ಹಾಗೆಂದು ನಾವು ಹೇಳಲಾರೆವು. ಅಬೂ ಉಮೈರ್ ಎಂಬ ಪುಟ್ಟ ಹುಡುಗನ ಹಕ್ಕಿಯ ಬಗ್ಗೆ ಪ್ರವಾದಿಯವರು (ಸ) ಅಕ್ಕರೆಯಿಂದ ವಿಚಾರಿಸಿದ ಪ್ರಸಂಗ ಹದೀಸ್‌ನಲ್ಲಿದೆ. ಹಕ್ಕಿ ಸಾಕಲು ಅಡ್ಡಿಯಿಲ್ಲವೆಂದು ವಿದ್ವಾಂಸರು ಅದರಿಂದ ತಿಳಿದುಕೊಂಡರು. ಬೆಕ್ಕನ್ನು ಕೂಡಿಹಾಕಿ ನರಕಕ್ಕೆ ಹೋದ ಹೆಂಗಸಿನ ಪ್ರಸಂಗವೂ ಅಲ್ಲೇ ಇದೆ. ಆಕೆ ಬೆಕ್ಕಿಗೆ ತಾನೂ ಉಣಿಸಲಿಲ್ಲ, ಅದು ಹುಡುಕಿ ತಿನ್ನುವಂತೆ ಬಿಡಲೂ ಇಲ್ಲ. ಬೆಕ್ಕಿಗೆ ಬಾಗಿಲು ತೆರೆದರೆ ಸಾಕಿತ್ತು. ಮೀನಿಗೆ ಆ ಬಾಗಿಲೂ ಇಲ್ಲ, ಅದು ತನ್ನ ಹೇಸಿಗೆಯಲ್ಲೇ ಉಸಿರಾಡುತ್ತದೆ. ಕರೆಂಟ್ ಹೋದರೆ ಗಾಳಿಯೂ ಹೋಯಿತು. ಸಾಕುವವನ ಒಂದು ದಿನದ ಸೋಮಾರಿತನಕ್ಕೂ ಅದೇ ಬೆಲೆ ತೆರಬೇಕು.

ಕೆರೆಗೆ ಬಿಟ್ಟರೆ ಪುಣ್ಯವೆನ್ನುವವರಿದ್ದಾರೆ. ನಮ್ಮ ಪೇಟೆಗಳಿಗೆ ಬರುವ ಸಾಮಾನ್ಯ ಏಂಜಲ್ ಚೆನ್ನೈನ ಕೊಳತ್ತೂರಿನಂಥ ಕಡೆ ತೊಟ್ಟಿಯಲ್ಲೇ ಹುಟ್ಟಿದ್ದು. ಅದಕ್ಕೆ ಮರಳಿ ಹೋಗಲು ನದಿಯಿಲ್ಲ, ನಮ್ಮ ಕೆರೆಗಂತೂ ಅದು ಪರಕೀಯ. ಆಲ್ಟಮ್‌ನ ಕತೆ ಬೇರೆ. ಅದು ತೊಟ್ಟಿಯಲ್ಲಿ ಮರಿ ಹಾಕುವುದು ಅಪರೂಪ, ಹೆಚ್ಚಿನವನ್ನು ನದಿಯಿಂದಲೇ ಹಿಡಿದು ತರುತ್ತಾರೆ. ಹಿಡಿಯುವುದೆಲ್ಲ ಕೇಡೆನ್ನಲೂ ಆಗದು. ಬ್ರೆಜಿಲ್‌ನ ಬಾರ್ಸೆಲೋಸ್‌ನಲ್ಲಿ ಪುಟ್ಟ ಕಾರ್ಡಿನಲ್ ಟೆಟ್ರಾ ಮೀನು ಹಿಡಿದೇ ಎಷ್ಟೋ ಸಂಸಾರಗಳು ಬದುಕಿವೆ, ಆ ದುಡಿಮೆ ಇರುವಷ್ಟು ದಿನ ಕಾಡಿಗೂ ಕೊಡಲಿ ಬೀಳದು ಎನ್ನುವ ವಾದವಿದೆ. ಅದರಲ್ಲಿ ಹುರುಳಿದೆ. ಆದರೆ ಅಲ್ಲಿನ ಬೆಸ್ತನ ಹೊಟ್ಟೆಪಾಡು ದೊಡ್ಡೇರಿಯ ನೀರಿನ ಲೆಕ್ಕವನ್ನು ಚುಕ್ತಾ ಮಾಡುವುದಿಲ್ಲ.

ಇಷ್ಟನ್ನೂ ಹುಡುಗನ ಮುಂದಿಟ್ಟೆವು. ಅವನು ಒಪ್ಪಲಿಲ್ಲ. "ದುಡ್ಡು ನಂದು, ಕ್ಯಾನ್‌ಗೂ ನಾನೇ ಕೊಡ್ತೀನಿ ಮಾಮೂ" ಎಂದ. ಒಳಗಿಂದ ಅವನ ಅಕ್ಕನ ದನಿ ಬಂತು: "ಕೊಡ್ತೀಯಪ್ಪ, ಹೊತ್ತು ತರೋಳು ಯಾರು?"

ನಮಗೆ ಹೊಳೆದೇ ಇರದ ಪ್ರಶ್ನೆ ಅದು. ಮೈದನಹಳ್ಳಿಯ ಬಯಲಲ್ಲಿ ಕೃಷ್ಣಮೃಗ ನೋಡಿ, ಮನೆಗೆ ತರಬೇಕೆಂದು ಯಾರೂ ಹಟ ಹಿಡಿಯುವುದಿಲ್ಲವಲ್ಲ ಎಂದೆಲ್ಲ ನಾವು ಉಪದೇಶಕ್ಕೆ ಸಿದ್ಧರಾಗಿದ್ದೆವು. ಸುಮ್ಮನಾದೆವು. ಆಲ್ಟಮ್ ಸದ್ಯಕ್ಕಂತೂ ಬಂದಿಲ್ಲ. ಹಳೆಯ ಜೋಡಿ ಬೋರ್‌ವೆಲ್ ನೀರಿಗೇ ಒಗ್ಗಿಕೊಂಡಿದೆ. ತೊಟ್ಟಿಯಿಂದ ತೆಗೆದ ನೀರನ್ನು ಭಾನುವಾರ ಹುಡುಗನೇ ಬಕೆಟ್ಟಿನಲ್ಲಿ ಹೊತ್ತು ಕರಿಬೇವಿನ ಗಿಡಕ್ಕೆ ಹಾಕುತ್ತಾನೆ.